ಹರಕೆಯಲ್ಲಿ ಆಡಿದ ಮಾತು

ದೇವದುರ್ಗ
೧೪–೭–೨೦೨೫

ಪ್ರೀತಿಯ ಮಗ ಉಮೇಶನಿಗೆ ನಿನ್ನ ಅವ್ವನ ಆಶೀರ್ವಾದಗಳು.

ಹೈದರಾಬಾದಿನಲ್ಲಿ ಆರೋಗ್ಯವಾಗಿದ್ದೀಯಾ? ಸೊಂಟದ ನೋವು ಹೇಗಿದೆ? ಫೋನು ಬಿಟ್ಟು ಪತ್ರ ಯಾಕೆ ಎಂದು ಗಾಬರಿಯಾಗಬೇಡ. ಶೆಡ್ಡಿನಲ್ಲಿ ಹತ್ತು ಜನರ ನಡುವೆ ಸ್ಪೀಕರ್ ಹಾಕಿ ಮಾತಾಡುವವನು ನೀನು. ಇದನ್ನು ಒಬ್ಬನೇ ಕುಳಿತು ಓದು.

ನಿಮ್ಮಿಬ್ಬರ ಕೂಸು ತೀರಿಹೋದ ಮೇಲೆ ಅನ್ನಪೂರ್ಣಳಿಗೆ ಊಟ ನಿದ್ದೆ ಬೇಡವಾದದ್ದು ನಿನಗೆ ಗೊತ್ತು. ನೀನು ಕೆಲಸಕ್ಕೆ ಮರಳಿದ ಮೇಲೆ ಅವಳನ್ನು ರಾಯಚೂರಿನ ಆಪ್ತಸಮಾಲೋಚಕಿ ರಜಿಯಾ ಬೇಗಂ ಅವರ ಹತ್ತಿರ ಕರೆದೊಯ್ಯುತ್ತಿದ್ದೆ. ಮೊದಲ ದಿನವೇ ಅವರು ನನ್ನನ್ನು ಹೊರಗೆ ಕೂರಿಸಿದರು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಕಣ್ಣೊರೆಸಿದವಳು ಸೊಸೆಯ ದುಃಖ ಕೇಳಬಾರದೇ ಎಂದು ಸಿಟ್ಟು ಬಂತು. ಒಳಗೆ ಆಡಿದ್ದು ಒಳಗೇ ಇರುತ್ತದೆ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಮನೆಯ ಒಬ್ಬರಿಗೆ ಹೇಳುತ್ತೇನೆ ಎಂದು ಮೇಡಂ ನಮ್ಮಿಬ್ಬರಿಗೂ ತಿಳಿಸಿದ್ದರು.

ಹತ್ತು ದಿನದ ಹಿಂದೆ ಆ ಹೊತ್ತು ಬಂತು. ಯಾರಿಗೆ ಹೇಳಲಿ ಎಂದು ಅವಳನ್ನೇ ಕೇಳಿದರಂತೆ. ಅವಳು ಹೆತ್ತವ್ವನ ಹೆಸರು ಹೇಳಲಿಲ್ಲ ಉಮೇಶ, ನನ್ನ ಹೆಸರು ಹೇಳಿದಳು. ಇವಳಿಗೆ ಬದುಕು ಬೇಡವೆನಿಸಿದೆ, ಒಬ್ಬಳನ್ನೇ ಬಿಡಬೇಡಿ ಎಂದು ಮೇಡಂ ಅವಳೆದುರಿಗೇ ತಿಳಿಸಿದರು. "ಇದು ನಿಮ್ಮ ಹತ್ರನ ಇರ್ಲಿ, ಯವ್ವಾ" ಎಂದರು.

ಆ ಮಾತು ನನ್ನ ಹತ್ತಿರ ಇದ್ದದ್ದು ಮೂರೇ ದಿನ. ನಾಲ್ಕನೆಯ ದಿನ ಅವಳೊಂದಿಗೆ ದೇವಸುಗೂರಿಗೆ ಹೋದೆ. ಹರಕೆಯನ್ನು ಬಾಯಿಬಿಟ್ಟು ಹೇಳದಿದ್ದರೆ ದೇವರಿಗೆ ಮುಟ್ಟುವುದಿಲ್ಲ ಎನ್ನುವುದು ನಮ್ಮ ಮನೆಯ ಪದ್ಧತಿ. ಸುಗೂರೇಶ್ವರನ ಮುಂದೆ ಎಲ್ಲವನ್ನೂ, ಸಾಯುವ ಮಾತನ್ನೂ, ಗಟ್ಟಿಯಾಗಿ ಹೇಳಿಕೊಂಡೆ. ಹಿಂದೆ ನಮ್ಮ ಓಣಿಯ ಹನುಮಂತಮ್ಮ ನಿಂತಿದ್ದಳು. ಸಂಜೆಗೆ ಓಣಿಗೆಲ್ಲ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

"ನಿಮ್ಮನ್ನ ನಂಬಿದ್ನೆಲ್ರೀ, ಅತ್ತಿ" ಎಂದಳು ಅನ್ನಪೂರ್ಣ. ಆಮೇಲೆ ಮಾತಿಲ್ಲ. ರಾಯಚೂರಿಗೂ ಬರುತ್ತಿಲ್ಲ. ಮೇಡಂ ದಿನವೂ ಫೋನು ಮಾಡಿ ವಿಚಾರಿಸುತ್ತಾರೆ, ಅವಳು ತೆಗೆದುಕೊಳ್ಳುವುದಿಲ್ಲ. ನಾನು ಅವಳ ಪಕ್ಕ ಬಿಟ್ಟು ಕದಲಿಲ್ಲ. ನನಗೆ ಹೆದರಿಕೆಯಾಗಿದೆ, ಮಗನೇ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಹುಲಗೆಮ್ಮ

ತಾ.ಕ.: ಈ ಸಲ ಕೇಳದೆ ಕಳಿಸಬಾರದೆಂದು ಪತ್ರವನ್ನು ಅನ್ನಪೂರ್ಣಳ ಕೈಗೇ ಕೊಟ್ಟೆ. ಎರಡು ಸಲ ಓದಿ ಮೂರು ಸಾಲು ಹೊಡೆದುಹಾಕಿದಳು. ಅವನ್ನು ಬಿಟ್ಟು ಹೊಸದಾಗಿ ಬರೆದಿದ್ದೇನೆ. ಅವು ಏನೆಂದು ಕೇಳಬೇಡ, ಹೇಳುವುದಿಲ್ಲ. "ಈಗ ಕಳಸ್ರಿ" ಎಂದಳು, ಆರು ದಿನದ ಮೇಲೆ ಮೊದಲ ಮಾತು. ಕೆಳಗಿನದು ಅವಳ ಕೈಬರಹ.

ನೀವು ಬರ್ರಿ. ಉಳಿದದ್ದು ನಾನ ಹೇಳ್ತೀನಿ.