ಫೆಬ್ರವರಿ ಮುಗಿಯದ ಊರಿನಿಂದ

ಕ್ರಿ.ಶ. 2101, ಫೆಬ್ರವರಿ 9,417

ಸ್ವಸ್ತಿ. ಸಪ್ತಸಾಗರಗಳ ಸತ್ಯವನ್ನು ಒಂದೇ ಲಕೋಟೆಯಲ್ಲಿ ಅಡಗಿಸಿದ ಮಹಾಮಹಿಮರೂ, ಅರಗುಮುದ್ರಾ ಧುರಂಧರರೂ, ಮುಂದೂಡಿಕೆಯ ಚಕ್ರವರ್ತಿಗಳೂ ಆದ ತ್ರಿರಾಷ್ಟ್ರ ನೌಕಾ ತನಿಖಾ ಸಮಿತಿಯ ಹಿರಿಯರ ಪಾದಾರವಿಂದಗಳಿಗೆ, ಇನ್ನೂ ಹುಟ್ಟದಿರುವ ನಾನು ಸಾಷ್ಟಾಂಗ ಬಿದ್ದು ಬರೆದುಕೊಳ್ಳುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದಲ್ಲಿ ಮಂಜಿನ ಮುಂಜಾವಿನಲ್ಲಿ ಯುದ್ಧನೌಕೆಯೊಂದು ನಮ್ಮೂರಿನ ಮೀನುಗಾರಿಕೆ ದೋಣಿಗೆ ಗುದ್ದಿ ಏಳು ಜನ ಸತ್ತರಲ್ಲ, ಅದರ ವರದಿಯನ್ನು ನೀವು ಬರೆದು ಮುಗಿಸಿ ಮುಚ್ಚಿಟ್ಟಿರಿ. ಒಂದು ದೇಶ ಚುನಾವಣೆ ಮುಗಿಯಲಿ ಎಂದಿತು, ಇನ್ನೊಂದು ಹಡಗಿನ ಖರೀದಿ ಮುಗಿಯಲಿ ಎಂದಿತು, ಮೂರನೆಯದು ಆ ಎರಡೂ ದೇಶಗಳ ಮನಸ್ಸು ನೋಯದಿರಲಿ ಎಂದಿತು. ಎಪ್ಪತ್ತು ವರ್ಷ ಕಳೆದ ಮೇಲೆ ಕೋರ್ಟು ಸಿಟ್ಟಾಗಿ, ಫೆಬ್ರವರಿ ಮುಗಿಯುವುದರೊಳಗೆ ವರದಿ ಹೊರಗೆ ಬರಲೇಬೇಕು ಎಂದಿತು. ಸರ್ಕಾರಗಳು ಕೋರ್ಟಿನ ಮಾತು ಮೀರಲಿಲ್ಲ. ಫೆಬ್ರವರಿಯನ್ನು ಮುಗಿಯಲು ಬಿಡಲಿಲ್ಲ, ಅಷ್ಟೆ.

ಈ ವ್ಯವಹಾರ ನೋಡಿಕೊಳ್ಳುವುದು ತಡಗಚೇರಿ, ಅಂದರೆ ತಡವನ್ನು ಕಾನೂನುಬದ್ಧವಾಗಿ ನಡೆಸಿಕೊಂಡು ಹೋಗುವ ಕಚೇರಿ. ನಾನು ಅಲ್ಲಿಯ ದಿನಬರಹಗಾರ. ಸಂಜೆ ಬಂದರಿನ ಹಲಗೆಯ ಮೇಲೆ ನಾಳೆಯ ತಾರೀಖು ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ಮಳೆಗಾಲ ಕಂಡಿದ್ದೇನೆ, ಎಲ್ಲವೂ ಫೆಬ್ರವರಿಯಲ್ಲೇ. ಮಾವಿನಹಣ್ಣೂ ಫೆಬ್ರವರಿಗೆ, ಗಣೇಶ ಚೌತಿಯೂ ಫೆಬ್ರವರಿಗೆ. ಏಪ್ರಿಲ್‌ನಲ್ಲಿ ಹುಟ್ಟಿದವರ ವಯಸ್ಸು ಕಾಗದದಲ್ಲಿ ನಿಂತುಹೋಗಿದೆ. ನಿವೃತ್ತಿಯಿಲ್ಲ, ಆದರೂ ಸಾಯುತ್ತಾರೆ.

ಮುಳುಗಿದ ದೋಣಿಯನ್ನು ನಡೆಸುತ್ತಿದ್ದ ತಾಂಡೇಲ ಜಟ್ಟಪ್ಪನ ಮೊಮ್ಮಗಳು ಹೊನ್ನಿಯಜ್ಜಿ ನಮ್ಮಲ್ಲಿ ಇನ್ನೂ ಇದ್ದಾಳೆ. ದೋಣಿಯಲ್ಲಿ ದೀಪವೇ ಇರಲಿಲ್ಲವೆಂದು ನೌಕೆಯವರು ಹೇಳಿದಂದಿನಿಂದ ಆ ಮನೆಯವರಿಗೆ 'ಕತ್ತಲೆಯವರು' ಎಂದೇ ಹೆಸರು. ಅವರು ನಡೆಸುವ ದೋಣಿಗೆ ಯಾರೂ ಹತ್ತುವುದಿಲ್ಲ. ದೀಪವಿತ್ತೋ ಇಲ್ಲವೋ, ಅದು ನಿಮ್ಮ ಲಕೋಟೆಯಲ್ಲಿದೆ. ಕಣ್ಣು ಮಂಜಾದ ಅಜ್ಜಿ ದಿನವೂ ಹಲಗೆಯ ಬಳಿ ಬಂದು ಕೇಳುತ್ತಿದ್ದಳು: "ಮಾರ್ಚ್ ಬಂತಾ ಮಗಾ?" ನಾನು ಸಲ್ಯೂಟ್ ಹೊಡೆದು, ಮಾರ್ಚ್ ಹೊರಟಿದೆ, ಬೈಂದೂರಿನಲ್ಲಿ ಬಸ್ಸು ಕೆಟ್ಟು ನಿಂತಿದೆ ಎನ್ನುತ್ತಿದ್ದೆ. ಅವಳು ಕೊಡೆಯಿಂದ ತಿವಿಯುತ್ತಿದ್ದಳು.

ಒಂದು ದಿನ ಮುಖವನ್ನು ಬಹಳ ಗಂಭೀರ ಮಾಡಿಕೊಂಡು, "ಲಕೋಟೆ ಒಡೆದು ಓದಿದೆ ಅಜ್ಜಿ. ದೀಪ ಇದ್ದಿತ್ತ್" ಎಂದೆ. ಕೊಡೆ ಬರುತ್ತದೆಂದು ಸರಿದು ನಿಂತೆ. ಅಜ್ಜಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ನಂಗ್ ಗೊತ್ತಿದ್ದಿತ್ತ್ ಮಗಾ. ಆ ದೀಪಕ್ಕೆ ಬ್ಯಾಟ್ರಿ ಹಾಕಿ ಕೊಟ್ಟದ್ದೇ ನನ್ನಜ್ಜಿ."

ಕಚೇರಿಯವನ ಮಾತೆಂದು ಊರು ನಂಬಿತು. ಅಜ್ಜಿಯ ಮೊಮ್ಮಗ ಶನಿಯಾರನ ದೋಣಿಗೆ ಆರು ಜನ ಹತ್ತಿದರು. ಅವನಿಗೆ ಹೆಣ್ಣೂ ಗೊತ್ತಾಯಿತು. ಅಜ್ಜಿ ಈಗ ಮಾರ್ಚ್ ವಿಚಾರಿಸುವುದಿಲ್ಲ. ನನಗೆ ಬಂಗುಡೆ ತಂದುಕೊಡುತ್ತಾಳೆ. ಲಕೋಟೆಯನ್ನು ನಾನು ಮುಟ್ಟಿಯೂ ಇಲ್ಲ; ಮೀನನ್ನು ಬೆಕ್ಕಿಗೆ ಹಾಕುತ್ತೇನೆ.

ಆದ್ದರಿಂದ ಪೂಜ್ಯರಲ್ಲಿ ಬಿನ್ನಹ: ಬ್ಯಾಟರಿ ಹಾಕಿಕೊಟ್ಟ ಆ ಹೆಂಗಸು ಬದುಕಿರುವಾಗಲೇ ಲಕೋಟೆ ಒಡೆಯಿರಿ. ಬರೆದದ್ದು ಸುಳ್ಳಾದರೆ ಎದುರು ನಿಂತು ಜಗಳವಾಡಲು ಅವಳಾದರೂ ಇರುತ್ತಾಳೆ. ನೀವು ಒಡೆಯುವುದಿಲ್ಲವೆಂದು ನನಗೆ ಗೊತ್ತು. ಒಡೆದಿದ್ದರೆ ಮೇಲಿನ ತಾರೀಖು ಹಾಕುವ ಗತಿ ನನಗೆ ಬರುತ್ತಿರಲಿಲ್ಲ.

ಇನ್ನೊಂದು ಸಣ್ಣ ಮಾತು ಉಳಿಯಿತು. ನಿನ್ನೆ ಮೂರೂ ದೇಶಗಳಿಂದ ಆದೇಶ ಬಂತು: ಇನ್ನು ಯಾರ ಆಕ್ಷೇಪವೂ ಇಲ್ಲ, ಲಕೋಟೆ ಒಡೆಯತಕ್ಕದ್ದು, ನಾಳೆ ಮಾರ್ಚ್ ಒಂದು ಎಂದು ಬರೆಯತಕ್ಕದ್ದು. ಅದನ್ನು ಓದಿದವನು ನಾನೊಬ್ಬನೇ. ಮಡಚಿ ಅಂಗಿಯ ಜೇಬಿಗೆ ಸೇರಿಸಿ, ಹಲಗೆಯ ಮೇಲೆ ದುಂಡಗೆ 9,417 ಎಂದು ಬರೆದವನೂ ನಾನೇ.