ಸಾಹೇಬರು ಬರುವ ದಿನದ ಗಾಳಿ

ಮಾನ್ಯ ಕೋಳಿಮನೆ ತಪಾಸಣಾಧಿಕಾರಿಗಳೇ,

ನನ್ನ ಕೋಳಿಮನೆಯ ಗಾಳಿ ‘ತೃಪ್ತಿಕರ’ ಎಂದು ಬರೆದುಕೊಟ್ಟು ಹೋದಿರಿ. ಆ ಗಾಳಿ ನಿಮಗಾಗಿ ಒಂದು ದಿನದ ಮಟ್ಟಿಗೆ ತರಿಸಿದ್ದು. ನಿಮ್ಮ ಕಚೇರಿಯಲ್ಲಿ ಹೇಳಿದ್ದರೆ ನಾಚಿಕೆ ನಮ್ಮಿಬ್ಬರಲ್ಲೇ ಉಳಿದುಬಿಡುತ್ತಿತ್ತು. ಅದಕ್ಕೇ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಪಂಜರ ಕ್ರೌರ್ಯ ಎಂದಿರಿ, ಒಪ್ಪಿ ಕಿತ್ತುಹಾಕಿದೆ. ಈಗ ನನ್ನ ಕೋಳಿಗಳು ನೆಲದಲ್ಲಿ ಓಡಾಡುತ್ತವೆ, ಕೆದಕುತ್ತವೆ, ದೂಳಿನಲ್ಲಿ ಹೊರಳುತ್ತವೆ. ಮೊಟ್ಟೆಯ ಡಬ್ಬಿಯ ಮೇಲೆ ನಗುವ ಕೋಳಿಯ ಚಿತ್ರವೂ ಇದೆ. ಆದರೆ ಪಂಜರದ ಕೆಳಗೆ ಚಲಿಸುವ ಪಟ್ಟಿಯ ಮೇಲೆ ಬಿದ್ದು ಹೊರಹೋಗುತ್ತಿದ್ದ ಹಿಕ್ಕೆ ಈಗ ನೆಲದ ಹೊಟ್ಟಿನಲ್ಲಿ ಬೆರೆತು, ಒಣಗಿ, ದೂಳಾಗಿ ಏಳುತ್ತದೆ. ಅಮೋನಿಯಾ ಕಣ್ಣು ಉರಿಸುತ್ತದೆ. ನಮ್ಮ ಮಜೋವಿಯಾ ಸೀಮೆಯ ಚಳಿಯಲ್ಲಿ ಫ್ಯಾನು ಹಾಕಿದರೆ ಕೋಳಿ ಮುದುರಿ ಮೊಟ್ಟೆ ಕಡಿಮೆ ಇಡುತ್ತದೆಂದು ಚಳಿಗಾಲವಿಡೀ ಎಲ್ಲ ಮುಚ್ಚಿಡುತ್ತೇನೆ. ಗೂಡು ಬಿಟ್ಟು ನೆಲದಲ್ಲಿಟ್ಟ ಮೊಟ್ಟೆಗಳನ್ನು ನನ್ನ ತಂಗಿ ಸಬೀನಾ ದಿನವೂ ಬಗ್ಗಿ ಬಗ್ಗಿ ಆರಿಸುತ್ತಾಳೆ. ಅವಳ ಮೂಗು ಹೊಟ್ಟಿಗಿಂತ ಎಷ್ಟು ಮೇಲಿರುತ್ತದೆಂದು ನೀವೇ ಊಹಿಸಿ.

ಬರುವ ಮುನ್ನಾದಿನ ಫೋನ್ ಮಾಡುವುದು ನಿಮ್ಮ ಸೌಜನ್ಯ. ಆ ಸಂಜೆಯೇ ಹಳೆಯ ಹೊಟ್ಟು ಕೆರೆದು ಹೊಸದನ್ನು ಹರಡಿ, ಎಲ್ಲ ಫ್ಯಾನುಗಳನ್ನೂ ಹಾಕುವುದು ನಮ್ಮ ಸೌಜನ್ಯ. ಒಳಗಿದ್ದದ್ದೆಲ್ಲ ಊರ ಮೇಲೆ ಹೋಗುತ್ತದೆ. ಪಕ್ಕದ ಗೆನೊವೆಫಾ ಅಜ್ಜಿ ಒಣಹಾಕಿದ ಬಟ್ಟೆ ಒಳಗೆಳೆಯುತ್ತ, “ನಾಳೆ ನಿಮ್ಮಲ್ಲಿಗೆ ಸಾಹೇಬರು ಬರ್ತಾರೆ ಅಲ್ವೇನಪ್ಪ?” ಎನ್ನುತ್ತಾಳೆ. ಊರಿಗೇ ಗೊತ್ತಿರುವುದು ಗಾಳಿ ಅಳೆಯುವ ನಿಮ್ಮ ಯಂತ್ರಕ್ಕೆ ಮಾತ್ರ ಗೊತ್ತಾಗುವುದಿಲ್ಲವೇ? ಅಷ್ಟು ತೃಪ್ತಿಕರ ಗಾಳಿಯಲ್ಲಿ ನೀವು ಮುಖಗವಸು ತೆಗೆಯಲಿಲ್ಲವೇಕೆ?

ಕಳೆದ ಸಲ ನಿಮ್ಮೆದುರಿಗೇ ಸಬೀನಾ ಗೋಡೆ ಹಿಡಿದುಕೊಂಡು ಕೆಮ್ಮಿದಳು. “ಶೀತ ಆಗಿದೆಯಲ್ಲಮ್ಮ, ಚಹಾಕ್ಕೆ ರಾಸ್ಪ್‌ಬೆರಿ ಪಾಕ ಹಾಕ್ಕೊಂಡು ಕುಡೀರಿ” ಎಂದಿರಿ. ಅವಳು ಬಾಯಿ ತೆರೆಯುವ ಮೊದಲೇ ನಾನು, “ಹೌದು ಸಾರ್, ಬರೀ ಶೀತ” ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಬುಟ್ಟಿ ಎತ್ತಿಕೊಂಡು ಹೋದಳು. ಆಮೇಲೆ ನಾವು ಕಾಫಿ ಕುಡಿದೆವು.

ಮೊನ್ನೆ ಈಸ್ಟರ್ ಬೆಳಗ್ಗೆ, ಇಗರ್ಜಿಯಲ್ಲಿ ಮಂತ್ರಿಸಿ ತಂದ ಮೊಟ್ಟೆಯನ್ನು ಹೋಳು ಮಾಡಿ ಒಬ್ಬರಿಗೊಬ್ಬರು ಆರೋಗ್ಯ ಹಾರೈಸಲು ಕೂತೆವು. ಮೊಟ್ಟೆ ನಮ್ಮ ಕೋಳಿಮನೆಯದೇ, ಸಬೀನಾ ಆರಿಸಿದ್ದು. ನನಗೆ ಹೋಳು ಕೊಟ್ಟು ಹಾರೈಕೆ ಶುರುಮಾಡಿದವಳಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ನಗುತ್ತ, “ಅರ್ಧ ಹಾರೈಸಿದ್ದೀನಣ್ಣ, ಉಳಿದರ್ಧ ನೀನೇ ಹೇಳ್ಕೋ” ಎಂದಳು. ತಿರುಗಿ ಅವಳಿಗೆ ಆರೋಗ್ಯ ಹಾರೈಸಬೇಕಿದ್ದದ್ದು ನಾನು. ಯಾವ ಮುಖ ಇಟ್ಟುಕೊಂಡು ಹಾರೈಸಲಿ? ಆ ಹೋಳನ್ನು ತಟ್ಟೆಗೇ ವಾಪಸಿಟ್ಟೆ.

ಆದ್ದರಿಂದ ಫೋನ್ ಮಾಡದೆ ಬನ್ನಿ. ಈಸ್ಟರ್ ಕಳೆದರೂ ನಮ್ಮಲ್ಲಿನ್ನೂ ಹಿಮ ಬಿಟ್ಟಿಲ್ಲ; ಹಿಮ ಬಿದ್ದ ಬೆಳಗ್ಗೆ ಬಂದು, ಸಬೀನಾಳ ಪಕ್ಕದಲ್ಲಿ ಬಗ್ಗಿ ಗಾಳಿ ಅಳೆಯಿರಿ. ಫ್ಯಾನು ಊರಿನತ್ತ ಏನು ಉಗುಳುತ್ತದೆಂದು ಗೆನೊವೆಫಾ ಅಜ್ಜಿಯ ಬಟ್ಟೆಯ ಹಗ್ಗದ ಬಳಿ ನಿಂತೂ ಅಳೆಯಿರಿ. ಬಂದ ಅಂಕಿಗಳನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಿ. ದಂಡ ಹಾಕುವುದಾದರೆ ಹಾಕಿ.

ನೀವು ಬರುವವರೆಗೆ ನಾನೇ ಫ್ಯಾನು ಹಾಕಬಾರದೇಕೆ ಎಂದು ಕೇಳಬಹುದು. ಇವತ್ತು ಬೆಳಗ್ಗೆ ಹಾಕಿದೆ. ಕೋಳಿಗಳ ನಡುವೆ ಬಗ್ಗಿದ್ದ ಸಬೀನಾ ತಲೆ ಎತ್ತಿ ಕೇಳಿದಳು: “ಯಾಕಣ್ಣ, ನಾಳೆ ಸಾಹೇಬರು ಬರ್ತಾರಾ?”

ಇಂತಿ,
ತಂಗಿಯ ಕೆಮ್ಮಿಗೆ ಶೀತವೆಂದು ಹೆಸರಿಟ್ಟವನು,
ಲುದ್ವಿಕ್ ಸ್ಕೋವೆರಾ