ಕಿಟಕಿಯ ಮುಂದೆ ಕಡ್ಡಿ

ಭಾನುವಾರ, ನವೆಂಬರ್ ೧೬

ಪ್ರೀತಿಯ ಅಪ್ಪಾ,

ನಮಸ್ಕಾರ. ಎರಡು ತಿಂಗಳು ಕಾಗದ ಬರೆಯಲಿಲ್ಲ, ಬೈದುಬಿಡು. ಲಾಂಡ್ರಿಯಲ್ಲಿ ಎರಡೆರಡು ಪಾಳಿ. ಹೋಟೆಲುಗಳ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಹಾಕಿ ಬೆರಳು ಪೆನ್ನು ಹಿಡಿಯುವುದನ್ನೇ ಮರೆತಿವೆ. ಶಿಬಿರದ ಡೇರೆಯಲ್ಲಿ ಚಳಿ ಹೇಗಿದೆ? ನಿನ್ನ ಕೆಮ್ಮು?

ನಿನ್ನ ಚಿಕ್ಕವಳು ಕಡ್ಡಿಗೆ ಮೊನ್ನೆ ಒಂಬತ್ತು ವರ್ಷ ತುಂಬಿತು. ಶಾಲೆಯಲ್ಲಿ ಮೊದಮೊದಲು ಮೇಜಿನ ಕೆಳಗೆ ಕೂರುತ್ತಿದ್ದವಳು ಈಗ ಇಲ್ಲಿನ ಭಾಷೆಯಲ್ಲೇ ಜಗಳಕ್ಕೆ ನಿಲ್ಲುತ್ತಾಳೆ. ಆದರೆ ನನ್ನ ಜೊತೆ ಬೀದಿಗೆ ಬಂದರೆ, "ಅಕ್ಕಾ, ಮೆಲ್ಲಗೆ ಮಾತಾಡೇ, ಎಲ್ರೂ ನೋಡ್ತಾರೆ" ಅನ್ನುತ್ತಾಳೆ. ನೋಡಲಿ! ನಾವೇನು ಕದ್ದು ಬಂದವರೇ? ಭೂಮಿ ಯಾರಪ್ಪನ ಸ್ವತ್ತೂ ಅಲ್ಲ. ಊರಲ್ಲಿ ನಾನು ಓದಿದ ಹೋರಾಟದ ಕರಪತ್ರಗಳಲ್ಲೆಲ್ಲ ಅದೇ ಇದೆ.

ನಿನ್ನನ್ನು ಕರೆಸಿಕೊಳ್ಳುವ ಅರ್ಜಿಗಾಗಿ ಪ್ರತಿ ತಿಂಗಳೂ ವಲಸೆ ಕಚೇರಿಗೆ ಹೋಗುತ್ತಿದ್ದೇವಲ್ಲ. ನನಗೂ ಅಮ್ಮನಿಗೂ ಭಾಷೆ ಬಾರದು, ಹಾಗಾಗಿ ಶಾಲೆ ತಪ್ಪಿಸಿ ಕಡ್ಡಿಯನ್ನೇ ಮುಂದೆ ನಿಲ್ಲಿಸುವುದು. ಗುಮಾಸ್ತೆ ಕೂರುವ ಕಿಟಕಿ ಅವಳ ಹಣೆಯ ಮಟ್ಟಕ್ಕಿದೆ, ತುದಿಗಾಲಲ್ಲಿ ನಿಲ್ಲಬೇಕು. ಹಿಂದಿನಿಂದ ನಾನು ಗುಡುಗುತ್ತೇನೆ: "ಹೇಳೇ ಅವಳಿಗೆ, ನಾವು ಭಿಕ್ಷೆ ಕೇಳ್ತಿಲ್ಲ, ನಮ್ಮ ಹಕ್ಕು ಕೇಳ್ತಿದ್ದೀವಿ ಅಂತ!" ಕಡ್ಡಿ ಏನೋ ಹೇಳುತ್ತಾಳೆ. ಗುಮಾಸ್ತೆ ನಗುತ್ತಾಳೆ. ನನ್ನ ಮಾತು ನಾಟಿತು ಎಂದು ನಾನು ಎದೆಯುಬ್ಬಿಸಿ ಹೊರಬರುತ್ತಿದ್ದೆ.

ಈ ಗುರುವಾರ ಅಮ್ಮ ಕೆಲಸಕ್ಕೆ ಹೋಗಿದ್ದಳು. ಕಚೇರಿಯವರು ನಮ್ಮ ಕಡೆಯ ಹೆಂಗಸೊಬ್ಬಳನ್ನು ದುಭಾಷಿಯಾಗಿ ಕೂರಿಸಿದ್ದರು. ಆಕೆ ಗುಮಾಸ್ತೆಯ ಮಾತು ಕೇಳಿ ನಕ್ಕಳು. "ನೀವು ಭಾರಿ ಸಾಧು ಜನ ಅಂತಿದಾರಮ್ಮಾ. ಬಂದಾಗೆಲ್ಲ ‘ನಮ್ಮಕ್ಕ ನಿಮಗೆ ಥ್ಯಾಂಕ್ಸ್ ಹೇಳ್ತಿದಾಳೆ’ ಅಂತಾಳಂತೆ ಈ ಹುಡುಗಿ."

ಅಪ್ಪಾ, ಮೈಯೆಲ್ಲ ಉರಿದುಹೋಯಿತು. ಎಂಟು ತಿಂಗಳ ನನ್ನ ಹೋರಾಟಕ್ಕೆಲ್ಲ ಥ್ಯಾಂಕ್ಸ್! ಮೆಟ್ಟಿಲ ಮೇಲೆ ಕಡ್ಡಿಯ ರಟ್ಟೆ ಹಿಡಿದು ಅಲುಗಾಡಿಸಿದೆ. ಅವಳು ಅಳಲಿಲ್ಲ.

"ನೀನು ಬೈದ್ರೆ ಅವ್ಳು ಕಿಟಕಿ ಮುಚ್ತಾಳೆ. ನೀನು ಅವಳ ಮುಖ ನೋಡಲ್ಲ ಅಕ್ಕಾ, ನಾನು ನೋಡ್ತೀನಿ."

ರಟ್ಟೆ ಬಿಟ್ಟೆ. ಎದುರಿನವರ ಮುಖ ನೋಡಬೇಕೆಂದು ಯಾವ ಕರಪತ್ರದಲ್ಲೂ ಬರೆದಿಲ್ಲ.

ಬಿಸಿನೀರು ಕುಡಿ. ಎಷ್ಟೇ ದೂರವಿದ್ದರೂ ನಮ್ಮಿಬ್ಬರ ತಲೆಯ ಮೇಲೂ ನಿನ್ನ ಕೈ ಇರಲಿ.

ನಿನ್ನ ದೊಡ್ಡವಳು

ಅಪ್ಪಾ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು ಇದು: ನಿನ್ನ ಅರ್ಜಿಯನ್ನು ತಿರಸ್ಕರಿಸಿದ್ದಾರೆ. ಮೂರು ತಿಂಗಳ ಹಿಂದೆಯೇ ಅಂತ ಗುರುವಾರ ಆ ದುಭಾಷಿಯೇ ಹೇಳಿದಳು. ಕಾಗದ ಕೊಟ್ಟದ್ದು ಕಡ್ಡಿಯ ಕೈಗೆ. ನಮಗೆ ಅವಳು "ಇನ್ನೂ ಸ್ವಲ್ಪ ಕಾಯ್ಬೇಕಂತೆ" ಎಂದಿದ್ದಳು. ಆಮೇಲೆ ಹೋದಾಗಲೂ "ದಯವಿಟ್ಟು ಇನ್ನೊಂದ್ಸಲ ನೋಡಿ" ಎಂದು ತಾನೇ ಕೇಳಿಕೊಂಡಳಂತೆ. ಮೇಲ್ಮನವಿಗೆ ಇದ್ದ ಅರವತ್ತು ದಿನ ಮುಗಿದಿವೆ. ಹೊಸ ಅರ್ಜಿ ಹಾಕಲು ಎರಡು ವರ್ಷ ಕಾಯಬೇಕಂತೆ. ಯಾಕೆ ಮುಚ್ಚಿಟ್ಟೆ ಎಂದರೆ, "ನೀನು ಕೂಗಾಡ್ತೀಯ, ಆಮೇಲೆ ನಮ್ಮನ್ನೂ ವಾಪಸ್ ಕಳಿಸ್ತಾರೆ" ಎಂದಳು. ಅವಳಿಗೆ ಬೈದು ಬರೆಯಬೇಡ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನಿನ್ನೆ ಹಳೆ ಬಟ್ಟೆ ಅಂಗಡಿಯಿಂದ ನಿನಗೊಂದು ಕೋಟು ತಂದಳು. "ತೋಳು ಉದ್ದ ಆಯ್ತೇನೇ?" ಎಂದು ಕೇಳಿದಳು. ಇಲ್ಲಮ್ಮ, ಸರಿಯಾಗುತ್ತೆ ಎಂದೆ.